ಬಾಣಂತಿ ಕೋಣೆಯ ಕುಡುಗೋಲು

ಸೊಕ್ಕೆ
28-7-2025

ಈ ಕಾಗದ ಒಡೆದು ಓದುತ್ತಿರುವವರಿಗೆ,

ನೀನು ನನ್ನ ಮೊಮ್ಮಗಳು ಸುಧಾ ಆಗಿದ್ದರೆ ಮುಂದೆ ಓದು. ಹಾಸ್ಟೆಲಿನ ವಾರ್ಡನಮ್ಮನೋ ಪಕ್ಕದ ಮಂಚದ ಹುಡುಗಿಯೋ ಆಗಿದ್ದರೆ ಇಲ್ಲಿಗೇ ಮಡಚಿ ಇಡು. ಹೋದ ಸಲದ ಕಾಗದ ಅಂಟು ಬಿಟ್ಟುಕೊಂಡು ಸುಧಾಳ ಕೈಗೆ ಸಿಕ್ಕಿತಂತೆ. ಅಂಟು ತಾನಾಗಿ ಬಿಡುವುದಿಲ್ಲ, ನನಗೆ ಗೊತ್ತು. ನಾಲ್ಕನೇ ಕ್ಲಾಸು ಓದಿದ ಮುದುಕಿ ಬರೆದದ್ದರಲ್ಲಿ ನಿಮಗೆ ಸಿಗುವುದಾದರೂ ಏನು? ಪರರ ಕಾಗದ ಓದಿದವರ ಕಣ್ಣಿಗೆ ಕುರು ಏಳುತ್ತದೆ. ಇನ್ನೂ ಓದುತ್ತಿದ್ದೀಯಾ? ನಾಚಿಕೆ ಎನ್ನುವುದು ನಿಮ್ಮ ಊರಲ್ಲಿ ಮಾರಾಟಕ್ಕೂ ಸಿಗುವುದಿಲ್ಲವೇನು?

ಈಗ ಸುಧಾ, ನಿನಗೆ.

ಫೋನ್ ಮಾಡು ಅಜ್ಜಿ ಎನ್ನುತ್ತೀಯ. ಫೋನನ್ನು ಕಿವಿಗಿಟ್ಟರೆ ನನಗೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ, ಮಾತು ಕೇಳುವುದಿಲ್ಲ. ನಿಮ್ಮಪ್ಪ ದಾಸಪ್ಪ ಅದನ್ನು ಜೋರು ಮಾಡಿ ಹಿಡಿದರೆ ಇಡೀ ಕೇರಿಗೆ ನಮ್ಮ ಮನೆಯ ಸುದ್ದಿ. ಅದಕ್ಕೇ ಕಾಗದ. ಕಾಗದ ಕೂಗುವುದಿಲ್ಲ.

ನೀನು ಚನ್ನಗಿರಿಯಲ್ಲಿ ಕೂತು ಮನಸ್ಸಿನ ಶಾಸ್ತ್ರ ಓದುತ್ತಿದ್ದೀಯ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಲು ಬರುತ್ತಿಲ್ಲ. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಸಿದ್ದಲಿಂಗಮ್ಮ ಕೇಳಿದಳು, "ನಿನ್ ಮೊಮ್ಮಗಳು ಮನಸ್ಸು ಓದ್ತಾಳಂತಲ್ಲ, ನನ್ ಮನಸ್ಸಲ್ಲಿ ಏನೈತೆ ಹೇಳಾಕೆ ಹೇಳು." ನಾನಂದೆ, "ಏನಾರ ಇದ್ರೆ ತಾನೆ ಓದಾಕೆ!" ಅವಳು ಹಿಟ್ಟು ತಗೊಳ್ಳದೆ ಹೋದಳು.

ಸುದ್ದಿ ಏನೆಂದರೆ, ನಿನ್ನ ಅಕ್ಕ ಕಲ್ಪನಾ ಹಡೆದು ಹನ್ನೊಂದು ದಿನವಾಯಿತು. ಹೆಣ್ಣು ಕೂಸು. ಜಗಳೂರಿನಲ್ಲಿ ಹೆರಿಗೆ, ಮೂರನೇ ದಿನ ಮನೆಗೆ. ನಿಮ್ಮವ್ವ ಬದುಕಿದ್ದರೆ ಬಾಣಂತನ ಅವಳ ಪಾಲು. ಅವಳಿಲ್ಲ, ನನ್ನ ಪಾಲು. ನಡುಮನೆ ಪಕ್ಕದ ಕೋಣೆ ಕೊಟ್ಟಿದ್ದೇನೆ. ಬಾಗಿಲಿಗೆ ಬೇವಿನ ಸೊಪ್ಪು, ಕಿಟಕಿಗೆ ಗೋಣಿಚೀಲ, ಬಾಣಂತಿಯ ಕಿವಿಗೆ ಹತ್ತಿ, ತಲೆದಿಂಬಿನ ಕೆಳಗೆ ಕುಡುಗೋಲು. ಕಬ್ಬಿಣ ಇದ್ದ ಕಡೆ ಗಾಳಿ ಪೀಡೆ ಸುಳಿಯುವುದಿಲ್ಲ. ನಿನ್ನನ್ನು ಹೆತ್ತಾಗ ನಿಮ್ಮವ್ವನ ದಿಂಬಿನ ಕೆಳಗಿದ್ದದ್ದೂ ಇದೇ ಕುಡುಗೋಲು. ನಾನು ಹೊಸ್ತಿಲಿಗೆ ಅಡ್ಡಲಾಗಿ ಮಲಗುತ್ತೇನೆ. ಬಾಣಂತಿಯನ್ನೂ ಕೂಸನ್ನೂ ಒಂಟಿ ಬಿಡಬಾರದು.

ಕಲ್ಪನಾ ಬಲು ಚುರುಕಾಗಿದ್ದಾಳೆ. ಮನೆಗೆ ಬಂದಾಗಿನಿಂದ ನಿದ್ದೆಯೇ ಬೇಡ ಅವಳಿಗೆ. ಕೂಸು ಮಲಗಿದರೂ ಇವಳು ಮಲಗುವುದಿಲ್ಲ. ಬಟ್ಟೆ ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. ಗೋಡೆಗೆ ಕಿವಿಯಿಟ್ಟು ನಗುತ್ತಾಳೆ. "ಏನೇ ಅದು?" ಅಂದರೆ, "ನಿಂಗೆ ಕೇಳಲ್ಲ ಬಿಡಜ್ಜಿ" ಅನ್ನುತ್ತಾಳೆ. ನನ್ನ ಕಿವುಡನ್ನು ಆಡಿಕೊಳ್ಳುವಷ್ಟು ಹುಷಾರಾಗಿದ್ದಾಳೆ ಎಂದುಕೋ.

ಹೊಟ್ಟೆ ತುಂಬ ಉಣ್ಣು. ಹಾಸ್ಟೆಲಿನ ಸಾರು ನೀರಾದರೆ ನೀರನ್ನು ಬಸಿದು ಉಣ್ಣು.

ನಿನ್ನ ಅಜ್ಜಿ,
ತಿಪ್ಪಮ್ಮ


ಚನ್ನಗಿರಿ
4-8-2025

ಪ್ರೀತಿಯ ಅಜ್ಜಿಗೆ,

ಕಾಗದ ಈ ಸಲ ಅಂಟಿಕೊಂಡೇ ಬಂತು. ಆದರೆ ವಾರ್ಡನ್ ಮೇಡಂ ಎರಡು ದಿನದಿಂದ ಕಣ್ಣಿಗೆ ಬಟ್ಟೆ ಒತ್ತಿಕೊಂಡು ಓಡಾಡುತ್ತಿದ್ದಾರೆ. ನಾವೆಲ್ಲ ನಿನ್ನ ಹೆಸರು ಹೇಳಿ ನಕ್ಕೆವು.

ನಾನು ಚಿಕ್ಕಮ್ಮ ಆದೆ! ಅಕ್ಕನ ಹತ್ತಿರ ಮಾತಾಡೋಣ ಎಂದು ಅಪ್ಪನಿಗೆ ಫೋನ್ ಮಾಡಿದರೆ, "ಬಾಣಂತಿಗೆ ಫೋನ್ ಕೊಡಬಾರ್ದು ಕಣವ್ವ, ಕಿವಿಗೆ ಗಾಳಿ ಹೊಕ್ತದೆ" ಅಂದ. ಫೋನಿನಿಂದ ಎಂಥ ಗಾಳಿ ಬರುತ್ತದೆ ಅಜ್ಜಿ? ಕುಡುಗೋಲಿನ ವಿಷಯ ಓದಿ ನನ್ನ ಗೆಳತಿಯರು ಬಿದ್ದು ಬಿದ್ದು ನಕ್ಕರು. ಇಂಥ ನಂಬಿಕೆಗಳ ಮೇಲೆ ನಮಗೆ ಒಂದು ಪಾಠವೇ ಇದೆ.

ಅಕ್ಕನ ನಿದ್ದೆಯ ಬಗ್ಗೆ ಚಿಂತೆ ಬೇಡ. ಹೆರಿಗೆಯಾದ ಮೊದಮೊದಲು ನಿದ್ದೆ ಕೆಡುವುದು, ಸುಮ್ಮನೆ ಅಳು ಬರುವುದು, ನಗು ಬರುವುದು ಸಹಜ ಎಂದು ಪುಸ್ತಕದಲ್ಲಿದೆ. ತಾನಾಗಿ ಹೋಗುತ್ತದೆ. ನಮ್ಮ ಸುನೀತಾ ಮೇಡಂ ಈ ವರ್ಷ ಪಾಠ ಚೆನ್ನಾಗಿ ಮಾಡುತ್ತಾರೆ. ಎಲ್ಲವನ್ನೂ ಗಮನಿಸಿ ಬರೆದುಕೊಳ್ಳುವುದೇ ಈ ವಿದ್ಯೆಯ ಬುನಾದಿ ಅನ್ನುತ್ತಾರೆ.

ಅದಕ್ಕೇ ಒಂದು ಕೆಲಸ ಮಾಡು. ಅಕ್ಕ ಏನು ಆಡುತ್ತಾಳೆ, ಹೇಗೆ ಕೂರುತ್ತಾಳೆ, ಯಾರ ಹತ್ತಿರ ಏನು ಅನ್ನುತ್ತಾಳೆ, ಇದ್ದದ್ದು ಇದ್ದ ಹಾಗೆ ಬರೆ. ಯಾಕೆ ಎಂದು ಈಗ ಕೇಳಬೇಡ. ಆಮೇಲೆ ಹೇಳುತ್ತೇನೆ.

ನಿನ್ನ
ಸುಧಾ


ಸೊಕ್ಕೆ
9-8-2025

ಸುಧಾ,

ಇದ್ದದ್ದು ಇದ್ದ ಹಾಗೆ ಬರೆ ಎಂದೆ. ಬರೆಯುತ್ತೇನೆ. ಓದಿ ಕಿರುಚಬೇಡ, ಪಕ್ಕದ ಮಂಚದವಳು ಎದ್ದಾಳು. ನಮ್ಮ ಮನೆಗೆ ದೊಡ್ಡವಳು ಬಂದಿದ್ದಾಳೆ, ಕಲ್ಪನಾಳ ಮೈಮೇಲೆ. ಯಾರೆಂದು ಬಾಯಿಬಿಟ್ಟು ಹೇಳಬೇಕೇ?

ಮಂಗಳವಾರ ನ್ಯಾಮತಿ ಕಡೆಯಿಂದ ಕಲ್ಪನಾಳ ಅತ್ತೆ ಉಚ್ಚಂಗೆಮ್ಮ ಕೂಸು ನೋಡಲು ಬಂದಿದ್ದಳು, ಮಗ ನಿಂಗರಾಜನ ಜೊತೆ. ಬಾಗಿಲಲ್ಲೇ ನಿಂತು, "ಮೂಗು ನಮ್ ಕಡೇದಲ್ಲ ಬಿಡು" ಅಂದಳು. ಬಂದ ಬಾಯಿಗೆ ಬೆಲ್ಲ ಹಾಕುವ ಮೊದಲೇ ಆಡಿದ ಮಾತು ಇದು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು. ನನ್ನ ಕಿವಿಗೂ ಕೇಳಿತು ಎಂದರೆ ನೀನೇ ಲೆಕ್ಕ ಹಾಕು.

"ಉಚ್ಚಂಗಿ, ಕೆಳಗೆ ಕುಂತ್ಕೋ."

ಅತ್ತೆಯನ್ನು ಹೆಸರು ಹಿಡಿದು! ಉಚ್ಚಂಗೆಮ್ಮ ಕಣ್ಣು ಬಿಟ್ಟಳು. "ಯಾರ ಮುಂದೆ ನಿಂತಿದ್ದೀಯ ಗೊತ್ತೈತೇನು?" ಅಂದಳು ಕಲ್ಪನಾ. ಅವಳು ಮಂಚದ ಮೇಲೆ ಕಾಲು ಮಡಚಿ, ಬೆನ್ನು ನೇರ ಮಾಡಿ ಕೂತಿದ್ದಳು. ಕಣ್ಣು ಮಿಟುಕಿಸಲಿಲ್ಲ. ಮೂರು ವರ್ಷ ಸೊಸೆ ನಿಂತೇ ಉಣ್ಣುವ ಹಾಗೆ ಮಾಡಿದ ಹೆಂಗಸು ಗೋಣಿ ಬಿದ್ದ ಹಾಗೆ ನೆಲಕ್ಕೆ ಕೂತು, "ತಪ್ಪಾತು ತಾಯಿ" ಅಂದಳು. ನಿಂಗರಾಜ ಚಪ್ಪಲಿ ಬಿಟ್ಟು ಬಂದು ಅಡ್ಡಬಿದ್ದ. ಕುಂಕುಮದ ಬಟ್ಟಲು ತಂದವಳು ನಾನೇ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ ಸಿದ್ದಲಿಂಗಮ್ಮ ಬಂದು ತಪ್ಪಿಸಿಕೊಂಡ ಮೇಕೆಯ ವಿಷಯ ಕೇಳಿದಳು. "ಬರ್ತೈತೆ ಹೋಗು" ಅಂದಳು ಕಲ್ಪನಾ. ಸಂಜೆಗೆ ಬಂತು. ಆ ಮೇಕೆ ವಾರಕ್ಕೊಮ್ಮೆ ತಪ್ಪಿಸಿಕೊಂಡು ವಾರಕ್ಕೊಮ್ಮೆ ಬರುತ್ತದೆ, ಅದು ಬೇರೆ ಮಾತು. ಈಗ ದಿನಾ ಜನ. ಬಾಗಿಲಲ್ಲಿ ನಿಂಬೆಹಣ್ಣಿನ ರಾಶಿ. ನಿಮ್ಮಪ್ಪ ಗೂಡ್ಸ್ ಆಟೋ ಬಿಟ್ಟು ಜನರನ್ನು ಸಾಲು ನಿಲ್ಲಿಸುತ್ತಾನೆ.

ಆಶಾ ಕಾರ್ಯಕರ್ತೆ ಗಾದ್ರಮ್ಮ ಬಂದಿದ್ದಳು. "ನಿದ್ದೆ ಮಾಡ್ತಾಳಾ? ಊಟ ಸರಿಯಾಗಿ ಮಾಡ್ತಾಳಾ? ಒಬ್ಬಳೇ ಮಾತಾಡ್ತಾಳಾ?" ಎಂದು ಪೊಲೀಸರ ಹಾಗೆ ಕೇಳಿದಳು. ನಾನಂದೆ, "ತಾಯಿ ಬಂದ ಮನೇಲಿ ನಿನ್ನ ಲಸಿಕೆ ಕೆಲಸ ಏನಿದ್ರೂ ಹೊರಗೆ ನಿಂತು ಮಾಡು." ಮುಖ ಸಣ್ಣ ಮಾಡಿಕೊಂಡು ಹೋದಳು. ಮತ್ತೆ ಬಂದಿಲ್ಲ.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಪೆನ್ನನ್ನು ಎರಡು ಸಲ ಕೆಳಗಿಟ್ಟೆ. ಕೂಸಿಗೆ ಹಾಲು ಕೊಡುವಾಗ ಅವಳು ಅದರ ಮುಖ ನೋಡುವುದಿಲ್ಲ. ತೊಟ್ಟಿಲನ್ನು ಗೋಡೆ ಕಡೆ ತಿರುಗಿಸಿಕೊಂಡಿದ್ದಾಳೆ. ಯಾಕೆ ಎಂದೆ. "ಇದು ನಂದಲ್ಲಜ್ಜಿ. ನಂದು ಇದ್ರೊಳಗೈತೆ" ಅಂದಳು. ಬಾಣಂತಿ ಆಡಿದ್ದಕ್ಕೆ ನಗಬೇಕು, ಮರೆಯಬೇಕು. ನಕ್ಕೆ. ಮರೆಯಲು ಆಗಲಿಲ್ಲ, ಅದಕ್ಕೆ ಬರೆದೆ.

ಅಜ್ಜಿ
ತಿಪ್ಪಮ್ಮ


ಚನ್ನಗಿರಿ
14-8-2025

ಅಜ್ಜೀ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ! ನೀನು ನಮ್ಮ ಕಾಲೇಜಿನಲ್ಲಿರಬೇಕಿತ್ತು. ಇಷ್ಟು ಚೆನ್ನಾಗಿ ಯಾರೂ ಬರೆದುಕೊಡುವುದಿಲ್ಲ.

ಇನ್ನೂ ಸ್ವಲ್ಪ ಬೇಕು. ತಾಯಿ ಬಂದಾಗ ಅಕ್ಕನ ದನಿ ದಪ್ಪವಾಗುತ್ತದಾ? ಕಣ್ಣು ಮೇಲೆ ಹೋಗುತ್ತದಾ? ಆಮೇಲೆ ಅವಳಿಗೆ ಆಡಿದ್ದು ನೆನಪಿರುತ್ತದಾ? ವಾರದಲ್ಲಿ ಯಾವ ದಿನ ಹೆಚ್ಚು? ಮೊದಲಿನಿಂದ ದಬ್ಬಾಳಿಕೆ ಉಂಡ ಹೆಂಗಸರಿಗೆ ಹೀಗೆ ದೇವರು ಬಂದರೆ ಮನೆಯಲ್ಲಿ ಮರ್ಯಾದೆ ಬರುತ್ತದೆ, ಮನಸ್ಸೇ ಆ ದಾರಿ ಹುಡುಕಿಕೊಳ್ಳುತ್ತದೆ ಎಂದು ನಾವು ಓದಿದ್ದೇವೆ. ಉಚ್ಚಂಗೆಮ್ಮ ನೆಲಕ್ಕೆ ಕೂತದ್ದು ಅದಕ್ಕೆ ಸರಿಯಾಗಿ ಹೊಂದುತ್ತದೆ!

"ನಂದಲ್ಲ" ಎಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ತಾಯಿಗೂ ಕೂಸಿಗೂ ಬಾಂಧವ್ಯ ಬೆಳೆಯಲು ಇಬ್ಬರೇ ಇರಬೇಕಾಗುತ್ತದೆ. ನೀನು ಹೊಸ್ತಿಲಲ್ಲಿ ಕಾವಲು ಮಲಗಿದರೆ ಹೇಗೆ ಬೆಳೆದೀತು? ಜೈಲಿನಲ್ಲೂ ಅಷ್ಟು ಕಾವಲು ಇರುವುದಿಲ್ಲ. ನಡುಮನೆಯಲ್ಲಿ ಮಲಗು. ಅವರಿಬ್ಬರನ್ನೇ ಬಿಡು. ಅವಳು ಏನು ಹೇಳಿದರೂ ಎದುರಾಡಬೇಡ.

ನನಗೆ 21ನೇ ತಾರೀಖು ಒಂದು ಸೆಮಿನಾರ್ ಇದೆ. ಅದು ಮುಗಿದ ಮೇಲೆ ಬಂದು ಕೂಸನ್ನು ಎತ್ತಿಕೊಳ್ಳುತ್ತೇನೆ.

ಸುಧಾ


ಸೊಕ್ಕೆ
18-8-2025

ಸುಧಾ,

ಓದಿದವಳು ನೀನು. ನಿನ್ನ ಮಾತು ಮೀರಲಿಲ್ಲ. ಈಗ ನಡುಮನೆಯಲ್ಲಿ ಮಲಗುತ್ತೇನೆ. ಅವಳು ಒಳಗಿನಿಂದ ಕದ ಹಾಕಿಕೊಳ್ಳುತ್ತಾಳೆ. ಕದದ ಆಚೆ ಏನು ನಡೆದರೂ ನನ್ನ ಕಿವಿಗೆ ಬೀಳುವುದಿಲ್ಲ. ಕೂಸು ಅಳುವುದು ಮೊದಲಿಗಿಂತ ಕಮ್ಮಿಯಾಗಿದೆ ಎಂದು ನಿಮ್ಮಪ್ಪ ಹೇಳಿದ. ನಿಮ್ಮ ಪುಸ್ತಕದ ಬಾಂಧವ್ಯ ಇದೇ ಇರಬೇಕು.

ಬೆಳಿಗ್ಗೆ ನೀರು ಎರೆಯಲು ಎತ್ತಿಕೊಂಡರೆ ಕೂಸು ಹಗುರಾಗಿದೆ. ಹೋದ ವಾರ ಹೀಗಿರಲಿಲ್ಲ. ನನ್ನ ಕೈಗೇ ವಯಸ್ಸಾಗಿ ತೂಕ ತಿಳಿಯುತ್ತಿಲ್ಲವೋ ಏನೋ.

ನೀನು ಕೇಳಿದ್ದಕ್ಕೆ ಉತ್ತರ. ದನಿ ದಪ್ಪವಾಗುವುದಿಲ್ಲ, ತಣ್ಣಗಾಗುತ್ತದೆ. ಕಣ್ಣು ಮೇಲೆ ಹೋಗುವುದಿಲ್ಲ, ಒಂದೇ ಕಡೆ ನೆಟ್ಟಿರುತ್ತದೆ. ಯಾವ ದಿನ ಹೆಚ್ಚು ಎಂದು ಕೇಳಿದೆಯಲ್ಲ, ನಮ್ಮ ಕಡೆ ಮೈಮೇಲೆ ಬರುವವರಿಗೆ ಬರುವ ದಿನ ಇರುತ್ತದೆ, ಹೋಗುವ ಹೊತ್ತು ಇರುತ್ತದೆ. ಬಂದವಳು ಹೋದ ಮೇಲೆ ನೀರು ಕೇಳುತ್ತಾರೆ, ಸುಸ್ತಾಗಿ ಮಲಗುತ್ತಾರೆ. ಇವಳ ಮೈಮೇಲೆ ಬಂದವಳು ಹೋಗುತ್ತಲೇ ಇಲ್ಲ. ನೀರೂ ಕೇಳಿಲ್ಲ.

ಉಚ್ಚಂಗೆಮ್ಮ ಮತ್ತೆ ಬಂದಿದ್ದಳು. ಮನೆಯ ದೇವಿ ತವರಿನಲ್ಲಿ ಕೂತರೆ ಗಂಡನ ಮನೆಗೆ ಶೋಭೆ ಅಲ್ಲವಂತೆ. ಬೆನಕನ ಅಮಾವಾಸ್ಯೆಗೆ ಅವಳನ್ನು ಅಲ್ಲಿ ಗದ್ದುಗೆಯ ಮೇಲೆ ಕೂರಿಸುತ್ತಾರಂತೆ. ಶುಕ್ರವಾರ ಬೆಳಿಗ್ಗೆಯೇ ಕಾರು ತಂದು ಕರೆದೊಯ್ಯುವ ಮಾತಾಗಿದೆ. ನಿಮ್ಮಪ್ಪ ಹೂಂ ಎಂದ. ಮೂರು ತಿಂಗಳಾಗದ ಬಾಣಂತಿಯನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. "ಬಾಣಂತಿ ಅಲ್ಲವ್ವ, ದೇವಿ" ಅಂದ. ಹೆತ್ತವನೇ ಹಾಗೆ ಅಂದಮೇಲೆ ನನ್ನದೇನು?

ನಿನ್ನೆ ಕಲ್ಪನಾ ದಿಂಬಿನ ಕೆಳಗಿನ ಕುಡುಗೋಲು ತೆಗೆದು ಹೆಬ್ಬೆರಳಿನಿಂದ ಸವರಿ ನೋಡಿದಳು. "ಮೊಂಡಾಗೈತೆ, ಸಾಣೆ ಹಿಡಿಸು" ಅಂದಳು. ಗಾಳಿ ಓಡಿಸುವ ಕಬ್ಬಿಣಕ್ಕೆ ಹರಿತ ಯಾಕೆ? ಆದರೂ ಎದುರಾಡಬೇಡ ಎಂದಿದ್ದೆಯಲ್ಲ. ನಿಮ್ಮಪ್ಪನೇ ಸಾಣೆ ಹಿಡಿಸಿ ತಂದು ಅರಿಶಿನ ಹಚ್ಚಿ ಕೊಟ್ಟ.

"ಅಮಾಸಿಗೆ ನಂದನ್ನ ನಾನು ಹೊರಗೆ ತಗೀತೀನಿ" ಅಂದಳು. ಇದ್ದವರೆಲ್ಲ ಕೈಮುಗಿದರು. ನಾನೂ ಮುಗಿದೆ.

ಹೊರಗೆ ತೆಗೆಯುವುದು ಎಂದರೆ ಏನು ಸುಧಾ? ನಿನ್ನ ಪುಸ್ತಕದಲ್ಲಿ ಇದೆಯಾ ನೋಡು. ಬೇಗ ನೋಡು.

ಅಜ್ಜಿ


ಹೊನ್ನಾಳಿ ಬಸ್ ಸ್ಟ್ಯಾಂಡ್
22-8-2025, ಶುಕ್ರವಾರ ಬೆಳಿಗ್ಗೆ

ಅಜ್ಜಿ, ಇದನ್ನು ನಿಂತುಕೊಂಡೇ ಓದು. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಕುಡುಗೋಲು ಈಗಲೇ ತೆಗೆ. ಕೂಸನ್ನು ಈಗಲೇ ಎತ್ತಿಕೋ. ಅಕ್ಕನನ್ನು ಒಂದು ಗಳಿಗೆಯೂ ಒಂಟಿ ಬಿಡಬೇಡ. ಬೈಯಬೇಡ, ಹೊಡೆಯಲು ಬಿಡಬೇಡ, ಕಟ್ಟಿಹಾಕಲು ಬಿಡಬೇಡ. ಅವಳದು ತಪ್ಪಲ್ಲ. ಇದು ಕಾಯಿಲೆ. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇವತ್ತೇ.

ನಿನ್ನಿಂದ ಮುಚ್ಚಿಟ್ಟಿದ್ದೆ. ನೀನು ಬರೆದದ್ದನ್ನೆಲ್ಲ ನಾನು ಸೆಮಿನಾರಿಗೆ ಬಳಸಿಕೊಂಡೆ. ನಿನ್ನೆ ಕ್ಲಾಸಿನಲ್ಲಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುನೀತಾ ಮೇಡಂ ತಟ್ಟಲಿಲ್ಲ. "ಮಗು ಎಷ್ಟು ದಿನದ್ದು?" ಎಂದು ಕೇಳಿದರು. ತಿಂಗಳಾಗಿದೆ ಎಂದೆ. "ಈಗ ಯಾರ ಹತ್ತಿರ ಇದೆ?" ಎಂದರು. ಅಕ್ಕನ ಹತ್ತಿರವೇ, ಅವರಿಬ್ಬರನ್ನೇ ಬಿಡಲು ನಾನೇ ಹೇಳಿದ್ದೇನೆ ಎಂದೆ. ಮೇಡಂ ಕುರ್ಚಿಯಿಂದ ಎದ್ದುಬಿಟ್ಟರು. "ಇದು ಸೆಮಿನಾರ್ ಅಲ್ಲ ಸುಧಾ, ಇದು ಆಸ್ಪತ್ರೆಗೆ ಹೋಗಬೇಕಾದ್ದು" ಎಂದರು. ನಾನು ಓದಿದ್ದು ಬಾಣಂತಿಯರ ಮನಸ್ಸಿನ ಪಾಠದ ಮೊದಲ ಪುಟವಷ್ಟೇ. ಈ ಕಾಯಿಲೆ ಅದರ ಮುಂದಿನ ಪುಟಗಳಲ್ಲಿದೆಯಂತೆ.

ನಿನ್ನೆಯಿಂದ ಅಪ್ಪನ ಫೋನ್ ಸ್ವಿಚ್ ಆಫ್. ಭಾವ ಎತ್ತುತ್ತಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಕಾಗದ ಕೈಗೆ ಬಂತು. ಸಾಣೆಯ ಮಾತು ಓದಿ ಹಾಗೇ ಬಸ್ಸು ಹತ್ತಿದೆ. ಅಕ್ಕನನ್ನು ಆಗಲೇ ಕರೆದೊಯ್ದಿರಬಹುದು ಎಂದು ನಾನು ನ್ಯಾಮತಿಗೆ ಹೊರಟಿದ್ದೇನೆ. ಇನ್ನೂ ಸೊಕ್ಕೆಯಲ್ಲೇ ಇದ್ದರೆ ಎಂದು ಈ ಚೀಟಿ. ಜಗಳೂರು ಬಸ್ಸಿನ ಕಂಡಕ್ಟರ್ ಪರಮೇಶಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಗಾದ್ರಮ್ಮನ ನಂಬರು ಹುಡುಕುತ್ತೇನೆ ಎಂದು ಮೇಡಂ ಹೇಳಿದ್ದಾರೆ.

ಅಜ್ಜಿ, ನೀನು ಹೊಸ್ತಿಲಲ್ಲೇ ಮಲಗಬೇಕಿತ್ತು. ನಾನು ಬೇಡ ಎಂದೆ.

ಬಸ್ಸು ಹೊರಟಿತು.


ಸೊಕ್ಕೆ
16-9-2025

ಈ ಕಾಗದ ಯಾರೇ ಒಡೆದರೂ ಓದಿ. ಓದಿ ಅವಳಿಗೆ ಕೇಳಿಸಿ. ಅವಳು ಕಿವಿ ಮುಚ್ಚಿಕೊಂಡರೆ ಕೈ ಹಿಡಿದು ಬಿಡಿಸಿ.

ಸುಧಾ, ಇಪ್ಪತ್ತೈದು ದಿನವಾಯಿತು, ನಿನ್ನದೊಂದು ಅಕ್ಷರ ಇಲ್ಲ. ಆಸ್ಪತ್ರೆಗೆ ಬಂದೆ, ಡಾಕ್ಟರ ಹತ್ತಿರ ಮಾತಾಡಿದೆ, ಗೋಡೆಗೆ ಆತು ನಿಂತೆ, ಮಾರನೇ ದಿನ ನನಗೆ ಮುಖ ತೋರಿಸದೆ ಬಸ್ಸು ಹತ್ತಿದೆ. ಅಂದು ಮನೆಯಲ್ಲಿ ಏನಾಯಿತು ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಕೇಳಿಸಿಕೋ.

ಕಾರು ಬೆಳಿಗ್ಗೆ ಬರಲಿಲ್ಲ. ಟೈರು ಪಂಕ್ಚರ್ ಆಗಿ ದಾರಿಯಲ್ಲೇ ನಿಂತಿತ್ತಂತೆ. ನಿಮ್ಮಪ್ಪ ಅವರನ್ನು ಎದುರುಗೊಳ್ಳಲು ಹೋಗಿದ್ದ. ಕರೆಂಟು ಹೋಗಿ ಎರಡು ದಿನವಾಗಿತ್ತು, ಅವನ ಫೋನು ಸತ್ತು ಗೂಡಿನಲ್ಲಿ ಬಿದ್ದಿತ್ತು. ಮಧ್ಯಾಹ್ನ ಪರಮೇಶ ಬಸ್ಸು ನಿಲ್ಲಿಸಿ ಕೂಗಿದನಂತೆ. ನನಗೆಲ್ಲಿ ಕೇಳಬೇಕು? ಕೊನೆಗೆ ಅವನೇ ಇಳಿದು ಬಂದು ಚೀಟಿಯನ್ನು ಕೈಗೆ ಕೊಟ್ಟ. ನಾನು ಅಕ್ಷರ ಕೂಡಿಸಿ ಓದುವವಳು. ಕು, ಡು, ಗೋ ಎಂದು ಶುರು ಮಾಡಿ ಬೈಯಬೇಡ ಎನ್ನುವಲ್ಲಿಗೆ ಬರುವಷ್ಟರಲ್ಲಿ ಉಳಿದದ್ದು ಓದುವುದು ಬೇಕಾಗಲಿಲ್ಲ.

ಕದ ಒಳಗಿನಿಂದ ಹಾಕಿತ್ತು. ಬಡಿದೆ. "ಬಾಣಂತಿ ಎಣ್ಣೆ ತಂದೀನಿ, ತಗಿ" ಎಂದೆ. ತೆಗೆದಳು. ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡಿದ್ದಳು. ನೆಲದ ಮೇಲೆ ಮೊರ. ಮೊರದಲ್ಲಿ ಬೇವು ಹಾಸಿ, ಅದರ ಮೇಲೆ ಬರಿಮೈ ಕೂಸು. ಹಣೆಗೆ, ಎದೆಗೆ, ಹೊಟ್ಟೆಗೆ ಕುಂಕುಮದ ಗೆರೆ ಎಳೆದಿದ್ದಳು. ಕುಡುಗೋಲು ಅವಳ ಬಲಗೈಯಲ್ಲಿ. ಕೂಸು ಅವಳನ್ನು ನೋಡಿ ಕಾಲು ಆಡಿಸುತ್ತಿತ್ತು.

"ಸರಿಯಾದ ಹೊತ್ತಿಗೆ ಬಂದಿ ಅಜ್ಜಿ. ನನ್ ಮಗಳು ಒಳಗೈತೆ. ಉಸಿರು ಕಟ್ಟೈತೆ ಅದಕ್ಕೆ. ತಗೀಬೇಕು" ಅಂದಳು. ಕೋಪ ಇರಲಿಲ್ಲ ಅವಳಿಗೆ. ಮುಳ್ಳು ತೆಗೆಯುವ ತಾಯಿಯ ಹಾಗೆ ಅವಸರ ಇತ್ತು, ಅಷ್ಟೇ.

ಕಿರುಚಿದ್ದರೆ ಮುಗಿಯುತ್ತಿತ್ತು. ಕೈ ಹಿಡಿಯಲು ಹೋಗಿದ್ದರೂ ಮುಗಿಯುತ್ತಿತ್ತು. ನನ್ನ ತೋಳು ಅವಳ ತೋಳಿಗೆ ಸಮವೇ? ಬೈಯಬೇಡ ಎಂದು ನೀನು ಬರೆದಿದ್ದೆ. ಬೈಯದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಎರಡು ಕೈ ಜೋಡಿಸಿ ಕೂತೆ.

"ತಗಿ ತಾಯಿ, ಯಾರು ಬ್ಯಾಡ ಅಂದ್ರು? ಆದ್ರೆ ಇದು ಬಾಣಂತಿ ಕೋಣೆ ಕಬ್ಬಿಣ. ತಿಂಗಳಿಂದ ಮೈಲಿಗೇಲಿ ಬಿದ್ದೈತೆ. ಮೈಲಿಗೆ ಕಬ್ಬಿಣ ಮುಟ್ಟಿಸಿ ನಿನ್ ಮಗಳನ್ನ ತಗೀತಿಯಾ? ಕೊಡಿಲ್ಲಿ, ಬಾವಿ ನೀರಲ್ಲಿ ತೊಳ್ಕಂಡು ಬರ್ತೀನಿ."

ಅವಳು ಕುಡುಗೋಲನ್ನು ನೋಡಿದಳು. ಕೂಸನ್ನು ನೋಡಿದಳು. "ಹೌದಲ್ಲ. ಮೈಲಿಗೆ" ಅಂದು ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟಳು. ಸಣ್ಣವಳಿದ್ದಾಗ ನಾನೇ ಕಲಿಸಿದ್ದು, ಕುಡುಗೋಲು ಕೊಡುವಾಗ ಹಿಡಿ ಕೊಡಬೇಕು ಎಂದು. ಅಷ್ಟು ಹೊತ್ತಿನಲ್ಲೂ ಅದನ್ನು ಮರೆತಿರಲಿಲ್ಲ ನನ್ನ ಹುಡುಗಿ.

"ಕೂಸೂ ಮೈಲಿಗೇನೆ. ಅದನ್ನೂ ಎರಕಂಡು ಬರ್ತೀನಿ" ಎಂದೆ. ಮೊರದ ಸಮೇತ ಎತ್ತಿಕೊಟ್ಟಳು. ಹೊಸ್ತಿಲು ದಾಟಿ ಹೊರಗಿನಿಂದ ಚಿಲಕ ಹಾಕಿದೆ. ಜಗಲಿಯ ಮೇಲೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಒಂಟಿ ಬಿಡಬೇಡ ಎಂದಿದ್ದೆ. ಆ ಹೊತ್ತಿಗೆ ಬಿಡಬೇಕಾಯಿತು. ಕಿಟಕಿಯ ಗೋಣಿ ಸರಿಸಿ ಅವಳಿಗೆ ಕಾಣುವ ಹಾಗೆ ಕೂತು, "ತೊಳೀತಿದೀನಿ ತಾಯಿ, ತೊಳೀತಿದೀನಿ" ಎಂದು ಹೇಳುತ್ತಲೇ ಇದ್ದೆ. ನಿಮ್ಮ ಮೇಡಂ ಫೋನು ಮಾಡಿದ್ದರಿಂದ ಗಾದ್ರಮ್ಮ ಆಂಬುಲೆನ್ಸಿನಲ್ಲಿ ಬಂದಳು. ನಾನು ಓಡಿಸಿದ್ದೆನಲ್ಲ, ಅದನ್ನು ಬಾಯಿಗೆ ತರಲಿಲ್ಲ. ಕಲ್ಪನಾಳ ಕೂದಲು ಗಂಟು ಹಾಕಿ, ಕೈ ಹಿಡಿದು ಕೂರಿಸಿಕೊಂಡು ಹೋದಳು. ಕಾರು ಆಮೇಲೆ ಬಂತು.

ಇದಿಷ್ಟು ನಡೆದದ್ದು.

ಈಗ ಕಲ್ಪನಾ ಮನೆಯಲ್ಲಿದ್ದಾಳೆ. ಮಾತ್ರೆ ನುಂಗಿದರೆ ನಿದ್ದೆ ಮಾಡುತ್ತಾಳೆ. ಕೂಸಿಗೆ ಲೋಟದ ಹಾಲು. ಮೈ ಹಿಡಿದುಕೊಂಡಿದೆ. ಮೊನ್ನೆ ತೊಟ್ಟಿಲನ್ನು ತಾನೇ ಇತ್ತ ತಿರುಗಿಸಿದಳು. ಆಮೇಲೆ ನನ್ನನ್ನು ಕೇಳಿದಳು, "ಅಜ್ಜಿ, ಆ ಕುಡುಗೋಲು?" ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ನನ್ನ ಬಾಯಿ ಮುಚ್ಚಿದಳು. "ಎಲ್ಲೈತೆ ಅಂತ ನಂಗೆ ಹೇಳಬ್ಯಾಡ. ನಾನು ಎಷ್ಟೇ ಕೇಳಿದ್ರೂ ಹೇಳಬ್ಯಾಡ." ಇಷ್ಟು ಹೇಳಿ ಅತ್ತಳು. ಹೆತ್ತ ಮೇಲೆ ಅವಳು ಅತ್ತದ್ದು ಇದೇ ಮೊದಲು.

ನೀನು ಆ ಓದು ಬಿಟ್ಟು ಬೇರೆ ವಿಷಯ ತಗೊಳ್ಳುತ್ತೀಯಂತೆ. ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆಯಂತೆ. ಯಾರನ್ನು ಕೇಳಿ? ಮೊದಲ ಪುಟ ಓದಿ ನಮ್ಮ ಮನೆಯೊಳಗೆ ಕೈ ಹಾಕಿದವಳು ಉಳಿದ ಪುಟಗಳಿಗೆ ಬೆನ್ನು ತಿರುಗಿಸುತ್ತೀಯಾ? ದಿಂಬಿನ ಕೆಳಗೆ ಕಬ್ಬಿಣ ಇಟ್ಟವಳು ನಾನು, ಹೊಸ್ತಿಲು ಬಿಡಿಸಿದವಳು ನೀನು. ಇಬ್ಬರೂ ಸೇರಿ ಆ ಕೂಸಿಗೆ ಋಣಿಗಳು. ಅಳುವುದಿದ್ದರೆ ಓದುತ್ತಾ ಅಳು.

ಯಾಕೆಂದರೆ ಇದು ಮುಗಿದಿಲ್ಲ. ಭಾನುವಾರ ಉಚ್ಚಂಗೆಮ್ಮ ಬಂದಿದ್ದಳು. ಮಾತ್ರೆ ಕೊಟ್ಟು ದೇವಿಯನ್ನು ಮಲಗಿಸಿದ್ದೀರಿ ಎಂದು ಬಾಗಿಲಲ್ಲಿ ಎದೆ ಬಡಿದುಕೊಂಡಳು. "ಮಾತ್ರೆ ನಿಲ್ಲಿಸ್ರಿ, ತಾಯಿ ತಾನೇ ಏಳ್ತಾಳೆ" ಅಂದಳು. ಆಯುಧ ಪೂಜೆಯ ದಿನ ಬಂದು ಕಲ್ಪನಾಳನ್ನೂ ಕೂಸನ್ನೂ ಕರೆದುಕೊಂಡು ಹೋಗುತ್ತಾರಂತೆ. ಅವತ್ತೇ ಗದ್ದುಗೆಯಂತೆ. ನಿಂಗರಾಜ ಅವ್ವನ ಹಿಂದೆ ನಿಂತು ನೆಲ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಹೆಂಡತಿಯ ಕಾಲ ಹತ್ತಿರ ಕೂತು ಅತ್ತವನು ಇವನೇ. ನಿಮ್ಮಪ್ಪನೂ ಅಳ್ಳಾಡುತ್ತಿದ್ದಾನೆ. "ಈಗ ಚೆನ್ನಾಗಿದಾಳಲ್ಲವ್ವ, ಇನ್ನೂ ಯಾಕೆ ಮಾತ್ರೆ?" ಅನ್ನುತ್ತಾನೆ. ನಿನ್ನೆ ಅಟ್ಟದ ಮೇಲೆ ಏನೋ ಹುಡುಕುತ್ತಿದ್ದ. ಪೂಜೆಗೆ ಮನೆಯ ಕಬ್ಬಿಣವನ್ನೆಲ್ಲ ತೊಳೆದಿಡಬೇಕಂತೆ. ಕುಡುಗೋಲು ಎಲ್ಲಿ ಎಂದು ಕೇಳಿದ. ನನಗೆ ಕಿವಿ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಮಾತ್ರೆಯ ಪಟ್ಟಿ ಇಟ್ಟ ಜಾಗದಲ್ಲಿ ಇರಲಿಲ್ಲ. ಹುಡುಕಿದೆ. ಹಿತ್ತಲಿನ ಬೂದಿಗುಂಡಿಯಲ್ಲಿತ್ತು. ಒರೆಸಿ ನನ್ನ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮತ್ತೆ ಹೊಸ್ತಿಲಿಗೆ ಅಡ್ಡಲಾಗಿ ಮಲಗುತ್ತಿದ್ದೇನೆ. ಈಗ ಒಳಗಿನ ಗಾಳಿಗಲ್ಲ, ಹೊರಗಿನವರಿಗೆ.

ಡಾಕ್ಟರು ನಿನ್ನ ಹತ್ತಿರ ಬಹಳ ಹೊತ್ತು ಮಾತಾಡಿದರು. ಬಾಯಿ ಆಡಿದ್ದು ಕಂಡೆ, ಮಾತು ಕೇಳಲಿಲ್ಲ. ಮಾತ್ರೆ ಎಷ್ಟು ತಿಂಗಳು, ಯಾಕೆ, ನಡುವೆ ಬಿಟ್ಟರೆ ಏನಾಗುತ್ತದೆ, ಇದು ಈ ಮನೆಯಲ್ಲಿ ಗೊತ್ತಿರುವುದು ನಿನಗೊಬ್ಬಳಿಗೇ. ಅದನ್ನು ಬರೆ. ಕಂಡಕ್ಟರ್ ಕೈಯಲ್ಲಿ ಕಳಿಸಿದ ಚೀಟಿಯ ಹಾಗೆ ದಪ್ಪ ಅಕ್ಷರದಲ್ಲಿ ಬರೆ. ಉಚ್ಚಂಗೆಮ್ಮನ ಮುಂದೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅವಳು ಕೇಳದಿದ್ದರೆ ಮತ್ತೆ ಮೊದಲಿನಿಂದ ಓದುತ್ತೇನೆ. ನಿನಗೆ ಅಷ್ಟು ಧೈರ್ಯ ಇದ್ದರೆ ನೀನೇ ಬಂದು ಓದು.

ಆಯುಧ ಪೂಜೆ ಮುಂದಿನ ತಿಂಗಳ ಒಂದನೇ ತಾರೀಖು. ಆ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು, ಸುಧಾ. ಬರೆ.

ಅಜ್ಜಿ
ತಿಪ್ಪಮ್ಮ